ಒಂದೇ ಗಿಟಾರ್, ಎರಡು ಕೆಲಸ: ರಿದಮ್ ಬಿಡದೆ ಲೀಡ್ ನುಡಿಸುವುದು

ಡಿಸೆಂಬರಿನ ಚಳಿ, ಹೋಮ್‌ಸ್ಟೇ ಅಂಗಳದಲ್ಲಿ ಬೆಂಕಿ, ಸುತ್ತ ಹತ್ತು ಹದಿನೈದು ಜನ. ಗಿಟಾರ್ ಮಾತ್ರ ಒಂದೇ. ಪಲ್ಲವಿ ಮುಗಿಯುವ ತನಕ ಎಲ್ಲ ಚೆನ್ನಾಗಿಯೇ ಸಾಗುತ್ತದೆ. ಪಲ್ಲವಿಗೂ ಚರಣಕ್ಕೂ ನಡುವಿನ ಮ್ಯೂಸಿಕ್ ಬಿಟ್ ಬಂದಾಗ ಗಿಟಾರ್ ಹಿಡಿದವರು ತಂತಿಗಳನ್ನು ಒಟ್ಟಿಗೆ ಬಾಚುವ ಸ್ಟ್ರಮ್ಮಿಂಗ್ ನಿಲ್ಲಿಸಿ, ಒಂಟಿ ಸ್ವರಗಳಲ್ಲಿ ಧಾಟಿ ನುಡಿಸುವ ಲೀಡಿಗೆ ಇಳಿಯುತ್ತಾರೆ. ಅಲ್ಲಿಗೆ ಚಪ್ಪಾಳೆ ಚದುರುತ್ತದೆ, ಚರಣವನ್ನು ಎಲ್ಲಿ ಎತ್ತಿಕೊಳ್ಳಬೇಕೆಂದು ಹಾಡುವವರಿಗೆ ತಿಳಿಯುವುದಿಲ್ಲ. ನುಡಿಸಿದ ಲೀಡಿನಲ್ಲಿ ಒಂದು ಸ್ವರವೂ ತಪ್ಪಿರುವುದಿಲ್ಲ. ಬಲಗೈ ನಿಂತದ್ದೇ ತಪ್ಪು.

ಕೊಡಗಿನ ಹುತ್ತರಿ ಹಬ್ಬದ ಹೊತ್ತಿನಲ್ಲಿ ದುಡಿ ಎಂಬ ಪುಟ್ಟ ಚರ್ಮವಾದ್ಯ ಬಾರಿಸಿ ಹಾಡುವವರನ್ನು ಗಮನಿಸಿ. ಹಾಡುವವರ ಕೈಯಲ್ಲೇ ದುಡಿ ಇರುತ್ತದೆ. ಸಾಲು ಏರಲಿ, ಇಳಿಯಲಿ, ನಡುವೆ ಉಸಿರು ತೆಗೆದುಕೊಳ್ಳಲಿ, ದುಡಿಯ ಪೆಟ್ಟು ನಡೆಯುತ್ತಲೇ ಇರುತ್ತದೆ. ಒಂಟಿ ಗಿಟಾರಿನಲ್ಲಿ ಬಲಗೈ ಮಾಡಬೇಕಾದದ್ದು ಆ ದುಡಿಯ ಕೆಲಸ. ಲೀಡ್ ಎಂಬುದು ರಿದಮ್ ನಿಲ್ಲಿಸಿ ಮಾಡುವ ಬೇರೊಂದು ಕೆಲಸವಲ್ಲ, ನಡೆಯುತ್ತಿರುವ ರಿದಮ್‌ನೊಳಗಿಂದಲೇ ಎತ್ತಿ ತೋರಿಸುವ ಸ್ವರಗಳು. ಈ ಲೇಖನದ ಪ್ರತಿ ಹಂತವೂ ಇದೊಂದನ್ನೇ ಕೈಗೆ ಕಲಿಸುತ್ತದೆ.

ಜಿ, ಸಿ, ಡಿ, ಇ ಮೈನರ್, ಎ ಮೈನರ್ ಈ ಐದು ಕಾರ್ಡ್‌ಗಳನ್ನು ತಡವರಿಸದೆ ಬದಲಿಸಬಲ್ಲವರು ಇಲ್ಲಿಂದ ಶುರು ಮಾಡಬಹುದು. ಬದಲಿಸುವಾಗ ಇನ್ನೂ ಎಡಗೈ ನೋಡಬೇಕಾದವರು ಮೊದಲು ಅದನ್ನು ಮುಗಿಸಿಕೊಂಡು ಬನ್ನಿ. ಸ್ವರದ ಜಾಗ ಹೇಳಲು ಇಲ್ಲಿ ಎರಡು ಅಂಕಿ ಬಳಸಿದೆ: ಮೊದಲಿನದು ತಂತಿ, ಎರಡನೆಯದು ಫ್ರೆಟ್. 5/3 ಎಂದರೆ ಐದನೇ ತಂತಿಯ ಮೂರನೇ ಫ್ರೆಟ್. 4/0 ಎಂದರೆ ನಾಲ್ಕನೇ ತಂತಿ, ಒತ್ತದೆ. ತೀರ ತೆಳ್ಳಗಿನದು ಒಂದನೇ ತಂತಿ, ದಪ್ಪನೆಯದು ಆರನೆಯದು.

ಮೊದಲು ವಾದ್ಯ ಸರಿಯಿರಲಿ

ಸ್ಟ್ರಮ್ಮಿಂಗ್ ಮಾತ್ರ ಮಾಡುವ ಗಿಟಾರಿನಲ್ಲಿ ತಂತಿ ಸ್ವಲ್ಪ ಎತ್ತರದಲ್ಲಿದ್ದರೂ ನಡೆಯುತ್ತದೆ. ಕಾರ್ಡ್ ಹಿಡಿದುಕೊಂಡೇ ಕಿರುಬೆರಳಿನಿಂದ ಇನ್ನೊಂದು ಸ್ವರ ಒತ್ತಬೇಕಾದಾಗ ನಡೆಯುವುದಿಲ್ಲ. ಅಕೂಸ್ಟಿಕ್ ಗಿಟಾರಿನ 12ನೇ ಫ್ರೆಟ್ ಮೇಲೆ ತಂತಿಯ ಎತ್ತರ ಅಳೆಯಿರಿ: ಒಂದನೇ ತಂತಿಯಲ್ಲಿ ಸುಮಾರು 2 ಮಿಲಿಮೀಟರ್, ಆರನೆಯದರಲ್ಲಿ ಸುಮಾರು 2.5 ಇದ್ದರೆ ಒಳ್ಳೆಯದು. ಮೂರೂವರೆ ನಾಲ್ಕು ಬಂದರೆ ಸೆಟಪ್ ಮಾಡಿಸಿ, ಅಂದರೆ ತಂತಿಯ ಎತ್ತರ ಸರಿಪಡಿಸಿಕೊಳ್ಳಿ. ಅಷ್ಟರವರೆಗೆ 2ನೇ ಫ್ರೆಟ್‌ನಲ್ಲಿ ಕೇಪೋ (ಎಲ್ಲ ತಂತಿಗಳನ್ನೂ ಒಟ್ಟಿಗೆ ಒತ್ತಿ ಹಿಡಿಯುವ ಕ್ಲಿಪ್) ಹಾಕಿ ಅಭ್ಯಾಸ ಮಾಡಿದರೆ ಬೆರಳಿಗೆ ಹಗುರ.

ಪಿಕ್ 0.73 ಮಿಲಿಮೀಟರ್ ಅಥವಾ ಅದರ ಆಸುಪಾಸಿನದಿರಲಿ. 0.46ರ ತೆಳು ಪಿಕ್ ಸ್ಟ್ರಮ್ಮಿಂಗಿಗೆ ಹಿತ, ಆದರೆ ಒಂಟಿ ಸ್ವರ ಹೊಡೆದಾಗ ಬಾಗಿ ತಡವಾಗಿ ಬಿಡುತ್ತದೆ, ಸ್ವರಕ್ಕೆ ಗಟ್ಟಿತನ ಇರುವುದಿಲ್ಲ. 1 ಮಿಲಿಮೀಟರ್ ದಾಟಿದ ಪಿಕ್ ಒಂಟಿ ಸ್ವರಕ್ಕೆ ಚೆನ್ನ, ಸ್ಟ್ರಮ್ ಮಾಡುವಾಗ ತಂತಿಗೆ ಸಿಕ್ಕಿಕೊಳ್ಳುತ್ತದೆ. ಎರಡೂ ಕೆಲಸ ಒಂದೇ ಕೈಯಲ್ಲಿ ಆಗಬೇಕಾದ್ದರಿಂದ ಮಧ್ಯದ ದಪ್ಪವೇ ಸೂಕ್ತ. ತಂತಿ 0.012 ಇಂಚಿನ ಸೆಟ್ (ಇದು ಒಂದನೇ ತಂತಿಯ ದಪ್ಪ) ಅಥವಾ ಬೆರಳು ನೋಯುವವರಿಗೆ 0.011.

ನಮ್ಮ ಹವೆಯ ಬಗ್ಗೆಯೂ ಹೇಳಲೇಬೇಕು. ಅಕೂಸ್ಟಿಕ್ ಗಿಟಾರಿಗೆ ಹಿತವಾದ ತೇವಾಂಶ ಶೇಕಡಾ 45ರಿಂದ 55. ಜೂನಿನಿಂದ ಸೆಪ್ಟೆಂಬರ್‌ವರೆಗೆ ಮಡಿಕೇರಿ, ಭಾಗಮಂಡಲದ ಕಡೆ ಮನೆಯೊಳಗಿನ ಗಾಳಿಯೇ ಒದ್ದೆ. ಮರ ನೀರು ಕುಡಿದು ಉಬ್ಬುತ್ತದೆ, ಮುಂಭಾಗದ ಹಲಗೆ ಮೇಲೇಳುತ್ತದೆ, ಅದರ ಮೇಲೆ ತಂತಿಗಳ ಬುಡ ಹಿಡಿದಿರುವ ಬ್ರಿಜ್ ಕೂಡ ಏರುತ್ತದೆ, ತಂತಿಗಳು ಫ್ರೆಟ್‌ನಿಂದ ದೂರವಾಗುತ್ತವೆ. ಮೇ ತಿಂಗಳಲ್ಲಿ ಸಲೀಸಾಗಿದ್ದ ಬಾರ್ ಕಾರ್ಡ್ ಜುಲೈಯಲ್ಲಿ ಕೈಗೆ ಬಾರದಿದ್ದರೆ ಕಾರಣ ಇದೇ ಇರಬಹುದು. ಮಳೆಗಾಲದಲ್ಲಿ ಗಿಟಾರನ್ನು ಗೋಡೆಗೆ ನೇತು ಹಾಕದೆ ಗಟ್ಟಿ ಕೇಸಿನಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಮುಚ್ಚಿಡಿ. ಒಣಗಲೆಂದು ಒಲೆಯ ಮೇಲೆ, ಅಟ್ಟದ ಬಿಸಿಯಲ್ಲಿ ಇಡಲೇಬೇಡಿ. ಉಬ್ಬಿದ ಮರ ಒಮ್ಮೆಲೇ ಒಣಗಿದರೆ ಸೀಳುತ್ತದೆ, ಅಂಟು ಬಿಡುತ್ತದೆ. ನುಡಿಸಿದ ಮೇಲೆ ತಂತಿಗಳನ್ನು ಒಣ ಬಟ್ಟೆಯಿಂದ ಮೇಲೂ ಕೆಳಗೂ ಒರೆಸಿ. ಇಲ್ಲಿ ತುಕ್ಕು ಬೇಗ ಹಿಡಿಯುತ್ತದೆ.

ಬೆಂಕಿಯ ಪಕ್ಕ ಕೂತರೆ ಇನ್ನೊಂದು ತೊಂದರೆ. ಚಳಿಗೆ ತಂತಿ ಕುಗ್ಗಿ ಶ್ರುತಿ ಏರುತ್ತದೆ, ಬೆಂಕಿಯ ಕಾವಿಗೆ ಹಿಗ್ಗಿ ಇಳಿಯುತ್ತದೆ. ಒಳಗಿನಿಂದ ತಂದ ಗಿಟಾರನ್ನು ಕೂರುವ ಜಾಗದಲ್ಲೇ ಹತ್ತು ನಿಮಿಷ ಬಿಟ್ಟು ಆಮೇಲೆ ಟ್ಯೂನ್ ಮಾಡಿ. ಬರೀ ಸ್ಟ್ರಮ್ಮಿಂಗಿನಲ್ಲಿ ಮುಚ್ಚಿಹೋಗುವ ಅಪಶ್ರುತಿ ಲೀಡಿನಲ್ಲಿ ಬೆತ್ತಲಾಗಿ ಕೇಳುತ್ತದೆ.

ಬಲಗೈಯ ಲೆಕ್ಕ

ನಾಲ್ಕು ಎಣಿಕೆಯ ಒಂದು ಆವರ್ತವನ್ನು ಎಂಟು ಅಕ್ಷರಗಳಾಗಿ ಹೇಳಿಕೊಳ್ಳಿ: ತ-ಕ-ಧಿ-ಮಿ, ತ-ಕ-ಜು-ಣು. ತ, ಧಿ, ತ, ಜು ಇವು ನಾಲ್ಕು ಎಣಿಕೆಗಳು. ಅಲ್ಲಿ ಕೈ ಕೆಳಗೆ ಹೋಗುತ್ತದೆ. ಕ, ಮಿ, ಕ, ಣು ಅಕ್ಷರಗಳಲ್ಲಿ ಕೈ ಮೇಲೆ ಬರುತ್ತದೆ. ತಂತಿಗೆ ತಾಗಲಿ ಬಿಡಲಿ, ಕೈ ಈ ಓಟ ನಿಲ್ಲಿಸುವಂತಿಲ್ಲ.

ಎಡಗೈ ಬೆರಳುಗಳನ್ನು ತಂತಿಗಳ ಮೇಲೆ ಒತ್ತದೆ ಸುಮ್ಮನೆ ಮಲಗಿಸಿ, ದನಿ ಹೊರಡದಂತೆ. ಸಮ ಅಂತರದಲ್ಲಿ ಬಡಿಯುವ ಮೆಟ್ರೊನೋಮನ್ನು 60ಕ್ಕೆ, ಅಂದರೆ ನಿಮಿಷಕ್ಕೆ 60 ಬಡಿತಕ್ಕೆ, ಇಡಿ. ಎಂಟೂ ಅಕ್ಷರಕ್ಕೆ ಹೊಡೆಯಿರಿ, ಮಣಿಕಟ್ಟಿನಿಂದ, ಮೊಣಕೈಯಿಂದಲ್ಲ. ಎರಡು ನಿಮಿಷದ ನಂತರ ಮೊದಲ ‘ತ’ಕ್ಕೆ ಮಾತ್ರ ತಂತಿ ಮುಟ್ಟಿ, ಉಳಿದ ಏಳು ಖಾಲಿ ಏಟು. ಆಮೇಲೆ ಮೊದಲ ತ, ಮಿ, ಎರಡನೇ ಕ, ಜು ಈ ನಾಲ್ಕಕ್ಕೆ ಮಾತ್ರ ಮುಟ್ಟಿ. ತ ಮತ್ತು ಜು ಕೆಳಗೇಟು, ಮಿ ಮತ್ತು ಕ ಮೇಲೇಟು ಎಂಬುದು ಯೋಚಿಸದೆಯೇ ಬರುತ್ತದೆ, ಏಕೆಂದರೆ ಕೈ ಆ ಹೊತ್ತಿಗೆ ಅಲ್ಲೇ ಇರುತ್ತದೆ.

ಲೀಡಿಗೂ ಇದೇ ನಿಯಮ. ‘ಮಿ’ಯಲ್ಲಿ ಬೀಳುವ ಸ್ವರ ಯಾವ ತಂತಿಯದ್ದಾದರೂ ಮೇಲೇಟೇ. ಪಿಕ್‌ನ ದಿಕ್ಕನ್ನು ತಂತಿ ನಿರ್ಧರಿಸುವುದಿಲ್ಲ, ಕಾಲ ನಿರ್ಧರಿಸುತ್ತದೆ. ಲೀಡ್ ಪಾಠಗಳಲ್ಲಿ ಕಲಿತ, ಸ್ವರಕ್ಕೊಂದು ಕೆಳಗೊಂದು ಮೇಲೆಂದು ಸಾಗುವ ಪಿಕ್ಕಿಂಗನ್ನು ಇಲ್ಲಿ ಹಾಗೆಯೇ ತಂದರೆ ಸ್ವರದಿಂದ ಸ್ಟ್ರಮ್ಮಿಗೆ ಮರಳುವಾಗ ಕೈ ತಪ್ಪು ದಿಕ್ಕಿನಲ್ಲಿರುತ್ತದೆ. ಆ ಎಡವಟ್ಟನ್ನೇ ಜನ ‘ತಾಳ ತಪ್ಪಿತು’ ಎಂದು ಗುರುತಿಸುವುದು. ಈ ಹಂತವನ್ನು ಹಾರಿಸಿ ಮುಂದೆ ಹೋದವರು ಮತ್ತೆ ಇಲ್ಲಿಗೇ ವಾಪಸು ಬರಬೇಕಾಗುತ್ತದೆ. ಒಂದು ವಾರ ಕೊಡಿ.

ಬಾಸ್ ತಂತಿಯಿಂದ ಶುರು

ಸ್ಟ್ರಮ್ಮನ್ನು ಎರಡಾಗಿ ಒಡೆಯಿರಿ. 1ನೇ ಎಣಿಕೆಗೆ ಬಾಸ್ ಸ್ವರ ಒಂದೇ, 2ಕ್ಕೆ ಮೇಲಿನ ಮೂರು ತಂತಿಗಳ (ತೆಳ್ಳಗಿನ 3, 2, 1) ಹಗುರ ಸ್ಟ್ರಮ್, 3ಕ್ಕೆ ಇನ್ನೊಂದು ಬಾಸ್ ಸ್ವರ, 4ಕ್ಕೆ ಮತ್ತೆ ಸ್ಟ್ರಮ್. ನಾಲ್ಕೂ ಕೆಳಗೇಟು. ಬಾಸ್ ಜೋಡಿಗಳು ಹೀಗಿವೆ:

ಜಿ: 6/3, 4/0
ಸಿ: 5/3, 4/2
ಡಿ: 4/0, 5/0
ಎ ಮೈನರ್: 5/0, 6/0
ಇ ಮೈನರ್: 6/0, 5/2

ಇದು ಕೈಗೆ ಕೂತ ಮೇಲೆ ಎರಡನೇ ಬಾಸ್ ಸ್ವರ ಮತ್ತು ಕೊನೆಯ ಸ್ಟ್ರಮ್ ಇದ್ದ ಜಾಗಕ್ಕೆ ನಡಿಗೆಯ ಸ್ವರಗಳನ್ನು ತನ್ನಿ. ಜಿಯಿಂದ ಸಿಗೆ ಹೋಗುವಾಗ 3ಕ್ಕೆ 5/0, 4ಕ್ಕೆ 5/2, ಮುಂದಿನ 1ಕ್ಕೆ 5/3, ಅಲ್ಲಿ ಸಿ ಕಾರ್ಡ್ ತಯಾರಿರುತ್ತದೆ. ಸಿಯಿಂದ ಜಿಗೆ ಅದೇ ದಾರಿ ಹಿಂದಕ್ಕೆ: 5/2, 5/0, ಆಮೇಲೆ 6/3. ಜಿಯಿಂದ ಡಿಗೆ 5/2, 5/3, ನಂತರ 4/0. ಡಿಯಿಂದ ಜಿಗೆ 6/0, 6/2, ನಂತರ 6/3.

ಇದನ್ನು ಲೀಡ್ ಎಂದು ಯಾರೂ ಕರೆಯುವುದಿಲ್ಲ, ಆದರೆ ನಿಮ್ಮ ಮೊದಲ ಲೀಡ್ ಇದೇ. ಸ್ವರಗಳು ಒಂದು ಕಡೆಯಿಂದ ಹೊರಟು ಇನ್ನೊಂದು ಕಡೆ ತಲುಪುತ್ತಿವೆ, ತಾಳ ನಿಂತಿಲ್ಲ. ಇಲ್ಲಿ ಸಾಮಾನ್ಯವಾಗಿ ಆಗುವ ತಪ್ಪೆಂದರೆ ನಡಿಗೆಯ ಸ್ವರ ನುಡಿಸುವಾಗ ಎಡಗೈಯ ಇಡೀ ಕಾರ್ಡನ್ನು ಬಿಟ್ಟುಬಿಡುವುದು. 5/0 ನುಡಿಸಲು 5/2ರಲ್ಲಿರುವ ಬೆರಳನ್ನು ಮಾತ್ರ ಎತ್ತಿ, ಜಿ ಕಾರ್ಡಿನ ಉಳಿದ ಬೆರಳುಗಳು ಹಾಗೇ ಇರಲಿ. 5/2ಕ್ಕೆ ನಡುಬೆರಳೋ ತೋರುಬೆರಳೋ ಸಾಕು. ಬೆರಳು ಎಷ್ಟು ಕಡಿಮೆ ಏಳುತ್ತದೋ ಹಿಂದಿನ ಕಾರ್ಡಿನ ಗುಂಯ್ ಅಷ್ಟು ಹೊತ್ತು ಉಳಿಯುತ್ತದೆ. ಕೇಳುವವರಿಗೆ ಎರಡು ಗಿಟಾರ್ ಇದ್ದಂತೆ ಅನಿಸುವುದು ಈ ಉಳಿದ ದನಿಯಿಂದಲೇ.

ಕಾರ್ಡಿನೊಳಗೆ ಅಡಗಿರುವ ರಾಗ

ಅಮೆರಿಕದ ಹಳ್ಳಿಗಾಡಿನ ಸಂಗೀತದಲ್ಲಿ ಮೇಬೆಲ್ ಕಾರ್ಟರ್ ಈ ವಿದ್ಯೆಯನ್ನು ಪ್ರಸಿದ್ಧಗೊಳಿಸಿದರು. 1927ರಲ್ಲಿ ಕಾರ್ಟರ್ ಕುಟುಂಬದ ಮೊದಲ ಧ್ವನಿಮುದ್ರಣ ಆದಾಗ ಗಿಟಾರ್ ಬಹುಮಟ್ಟಿಗೆ ಪಕ್ಕವಾದ್ಯವಾಗಿತ್ತು. ಆಕೆ ಹೆಬ್ಬೆರಳಿನಿಂದ ದಪ್ಪ ತಂತಿಗಳ ಮೇಲೆ ಹಾಡಿನ ಧಾಟಿ ನುಡಿಸುತ್ತ, ನಡುವೆ ತೋರುಬೆರಳಿನಿಂದ ತೆಳು ತಂತಿಗಳನ್ನು ಸವರಿ ರಿದಮ್ ಕೊಡುತ್ತಿದ್ದರು. ಪಿಕ್ ಹಿಡಿದೂ ಅದನ್ನೇ ಮಾಡಬಹುದು.

ಸಿ ಕಾರ್ಡ್ ಹಿಡಿಯಿರಿ. ಸಿ ಸ್ವರವನ್ನು ಷಡ್ಜ ಎಂದುಕೊಂಡರೆ ಮೋಹನ ರಾಗದ ಸ್ವರಗಳು ಕೈಯ ಕೆಳಗೇ ಇವೆ: ಸ 5/3, ರಿ 4/0, ಗ 4/2, ಪ 3/0, ದ 3/2, ಮೇಲಿನ ಸ 2/1. ಶಂಕರಾಭರಣ ರಾಗದ ಉಳಿದೆರಡು ಸ್ವರ, ಮ 4/3 ಮತ್ತು ನಿ 2/0, ಸದ್ಯ ಬೇಡ. ಸಿ ಕಾರ್ಡಿನೊಳಗೆ ಗ ಮತ್ತು ಸ ನುಡಿಯುತ್ತಿರುತ್ತವೆ. ಗಕ್ಕೆ ಮ, ಸಕ್ಕೆ ನಿ ಅರ್ಧ ಮೆಟ್ಟಿಲ ದೂರದಲ್ಲಿವೆ, ಅವುಗಳ ಮೇಲೆ ನಿಂತರೆ ಉಜ್ಜಿದಂತೆ ಕೇಳುತ್ತದೆ. ಮೋಹನದಲ್ಲಿ ಆ ಅಪಾಯ ಇಲ್ಲ, ಎಲ್ಲಿ ನಿಂತರೂ ಸಹ್ಯ.

ಈ ನಾಲ್ಕು ಆವರ್ತಗಳನ್ನು ನುಡಿಸಿ. ಪ್ರತಿ ಆವರ್ತದಲ್ಲಿ 1 ಮತ್ತು 3ಕ್ಕೆ ಸ್ವರ, 2 ಮತ್ತು 4ಕ್ಕೆ ಮೇಲಿನ ಮೂರು ತಂತಿಯ ಸ್ಟ್ರಮ್:

ಸಿ: ಗ (4/2), ಪ (3/0)
ಸಿ: ದ (3/2), ಪ (3/0)
ಜಿ: ರಿ (4/0), ಪ (3/0)
ಸಿ: ಗ (4/2), ಸ (5/3)

ಎರಡನೇ ಸಾಲಿನ ದ ಸ್ವರಕ್ಕೆ 4/2ರಲ್ಲಿರುವ ನಡುಬೆರಳನ್ನು ಮೂರನೇ ತಂತಿಗೆ ಸರಿಸಿ, ಸ್ಟ್ರಮ್ ಆದ ಮೇಲೆ ಎತ್ತಿ. ಉಂಗುರಬೆರಳೂ ತೋರುಬೆರಳೂ ಇದ್ದಲ್ಲೇ ಇರಲಿ. ಸಲೀಸಾದ ಮೇಲೆ ಖಾಲಿ ಅಕ್ಷರಗಳನ್ನು ತುಂಬಿ: ಮೊದಲ ಗ ನೇರವಾಗಿ ಒತ್ತುವ ಬದಲು 4/0 ಹೊಡೆದು ಆ ದನಿಯ ಮೇಲೆಯೇ ನಡುಬೆರಳನ್ನು 4/2ಕ್ಕೆ ಬಡಿಯಿರಿ. ಈ ಹ್ಯಾಮರ್ ಆನ್‌ನಲ್ಲಿ ಎರಡನೇ ಸ್ವರವನ್ನು ಎಡಗೈಯೇ ಹುಟ್ಟಿಸುತ್ತದೆ, ಬಲಗೈ ತನ್ನ ಓಟದಲ್ಲಿ ಮುಂದೆ ಹೋಗಿರುತ್ತದೆ. ಎರಡು ಕೆಲಸ ಒಟ್ಟಿಗೆ ಮಾಡುವವರಿಗೆ ಹ್ಯಾಮರ್ ಆನ್, ಪುಲ್ ಆಫ್‌ಗಳು (ಎಡಗೈ ಬೆರಳನ್ನು ಎಳೆದೆತ್ತಿ ಸ್ವರ ಹುಟ್ಟಿಸುವುದು ಪುಲ್ ಆಫ್) ಅಲಂಕಾರವಲ್ಲ, ಬಲಗೈಗೆ ಬಿಡುವು ಕೊಡುವ ಉಪಾಯ.

ಧಾಟಿ ಕೇಳಿಸದೆ ಸ್ಟ್ರಮ್ಮೇ ಕಿವಿಗೆ ಬೀಳುತ್ತಿದ್ದರೆ ನೀವು ಆರೂ ತಂತಿ ಬಾಚುತ್ತಿದ್ದೀರಿ ಎಂದರ್ಥ. ಸ್ವರಕ್ಕೆ ಪೂರ್ತಿ ಬಲ, ಸ್ಟ್ರಮ್ಮಿಗೆ ಅದರ ಅರ್ಧ. ಪಿಕ್‌ನ ತುದಿ ಮಾತ್ರ ತಂತಿಯನ್ನು ಸವರಿ ಹೋಗಲಿ. ಮೊದಮೊದಲು ಇದು ತೀರ ಸಪ್ಪೆ ಅನಿಸುತ್ತದೆ. ಮೂರು ಅಡಿ ದೂರ ಫೋನ್ ಇಟ್ಟು ರೆಕಾರ್ಡ್ ಮಾಡಿ ಕೇಳಿದರೆ ಸರಿಯಾಗಿಯೇ ಇರುತ್ತದೆ.

ಮೇಲಿನ ಮೂರು ತಂತಿ

ಧಾಟಿ ಎತ್ತರಕ್ಕೆ ಹೋದಾಗ ಲೆಕ್ಕ ತಿರುಗುಮುರುಗಾಗುತ್ತದೆ. ಒಟ್ಟಿಗೆ ಬರುವ ಸ್ವರಗಳಲ್ಲಿ ಅತಿ ಎತ್ತರದ್ದನ್ನು ನಮ್ಮ ಕಿವಿ ಧಾಟಿ ಎಂದು ಹಿಡಿಯುತ್ತದೆ. ಆದ್ದರಿಂದ ಇಲ್ಲಿ ಸ್ಟ್ರಮ್ ಕೆಳಗಿಳಿದು ಧಾಟಿಯ ತಂತಿಯಲ್ಲಿ ಕೊನೆಯಾಗಬೇಕು. ಧಾಟಿ ಎರಡನೇ ತಂತಿಯಲ್ಲಿದ್ದರೆ ಒಂದನೆಯದು ನುಡಿಯಲೇಬಾರದು. ಪಿಕ್ ಅದಕ್ಕೆ ಮೊದಲು ನಿಲ್ಲಲಿ, ಅಥವಾ ಎಡಗೈ ಬೆರಳಿನ ಬುಡ ಅದನ್ನು ಮುಟ್ಟಿ ಮೌನವಾಗಿಸಲಿ.

ಮೂರು, ಎರಡು, ಒಂದನೇ ತಂತಿಗಳ ಮೇಲೆ ಪ್ರತಿ ಮೇಜರ್ ಕಾರ್ಡಿಗೆ ಮೂರು ಪುಟ್ಟ ಆಕಾರಗಳಿವೆ. ಜಿ ಕಾರ್ಡಿಗೆ ಅವು 4-3-3, 7-8-7, 12-12-10 (ಮೂರನೇ ತಂತಿಯಿಂದ ಒಂದನೆಯದಕ್ಕೆ ಫ್ರೆಟ್‌ಗಳು). ಸಿ ಕಾರ್ಡಿಗೆ 5-5-3, 9-8-8, 12-13-12. ಡಿ ಕಾರ್ಡಿಗೆ 2-3-2, 7-7-5, 11-10-10. ಆಕಾರಗಳು ಅವೇ ಮೂರು, ಜಾಗ ಮಾತ್ರ ಬೇರೆ. ಸಿಯ 5-5-3ನ್ನು ಎರಡು ಫ್ರೆಟ್ ಮೇಲೆ ಸರಿಸಿದರೆ ಡಿಯ 7-7-5 ಆಯಿತು.

ಈಗ ಕೈ 3ರಿಂದ 8ನೇ ಫ್ರೆಟ್ ನಡುವೆ ಇಟ್ಟುಕೊಂಡು ಜಿ 4-3-3, ಸಿ 5-5-3, ಡಿ 7-7-5, ಜಿ 7-8-7 ನುಡಿಸಿ ನೋಡಿ. ಒಂದನೇ ತಂತಿಯನ್ನೇ ಕೇಳಿ: ಜಿ, ಜಿ, ಎ, ಬಿ ಎಂದು ಸ್ವರ ಮೆಟ್ಟಿಲು ಹತ್ತುತ್ತದೆ. ಕಾರ್ಡ್ ಬದಲಾವಣೆಯೇ ಧಾಟಿಯಾಯಿತು.

4-3-3ರಲ್ಲಿ ತೋರುಬೆರಳು ಒಂದು, ಎರಡನೇ ತಂತಿಗಳ 3ನೇ ಫ್ರೆಟ್ಟನ್ನು ಅಡ್ಡಲಾಗಿ ಒತ್ತಿರುತ್ತದೆ, ನಡುಬೆರಳು 3/4ರಲ್ಲಿರುತ್ತದೆ. ಉಂಗುರಬೆರಳೂ ಕಿರುಬೆರಳೂ ಕೆಲಸವಿಲ್ಲದೆ ಕೂತಿವೆ. ಅವಕ್ಕೆ 2/5 ಮತ್ತು 1/5 ಕೊಡಿ. ಮೂರು ತಂತಿ ಸ್ಟ್ರಮ್ ಮಾಡಿದ ಕೂಡಲೇ 2/5ಕ್ಕೆ ಹ್ಯಾಮರ್ ಆನ್, ಮತ್ತೆ ಎತ್ತಿ 2/3. ಕಾರ್ಡಿನ ಉಳಿದ ಸ್ವರಗಳು ನುಡಿಯುತ್ತಲೇ ಇರುವಾಗ ಒಂದು ದನಿ ಮಾತ್ರ ಅಲುಗಾಡುತ್ತದೆ. ಜಿಮಿ ಹೆಂಡ್ರಿಕ್ಸ್ ನಿಧಾನ ಗತಿಯ ಹಾಡುಗಳಲ್ಲಿ ರಿದಮ್‌ನೊಳಗೇ ಲೀಡ್ ಹೆಣೆದದ್ದು ಈ ಬಗೆಯಲ್ಲಿ. ಆತನ ಹೆಬ್ಬೆರಳು ಗಿಟಾರಿನ ಕತ್ತಿನ ಮೇಲಿಂದ ಬಂದು ಆರನೇ ತಂತಿಯ ಬಾಸ್ ಹಿಡಿಯುತ್ತಿತ್ತು. ಕೈ ಚಿಕ್ಕದಾದವರು ಅದನ್ನು ಬಲವಂತ ಮಾಡಬೇಡಿ, ಮಣಿಕಟ್ಟು ನೋಯುತ್ತದೆ.

ಇನ್ನೊಂದು ಸುಲಭದ ದಾರಿ ಜೋಡಿ ಸ್ವರ. ಮೂರನೇ ಮತ್ತು ಒಂದನೇ ತಂತಿಗಳನ್ನು ಮಾತ್ರ ಒಟ್ಟಿಗೆ ನುಡಿಸಿ, ಎರಡನೆಯದನ್ನು ಮೂರನೇ ತಂತಿ ಒತ್ತಿದ ಬೆರಳಿನ ಅಂಚಿನಿಂದ ಮುಚ್ಚಿ. ಜಿ ಶ್ರುತಿಯಲ್ಲಿ ಜೋಡಿಗಳು ಹೀಗೆ ಏರುತ್ತವೆ (ಮೊದಲು ಮೂರನೇ ತಂತಿ, ಆಮೇಲೆ ಒಂದನೆಯದು): 0-0, 2-2, 4-3, 5-5, 7-7, 9-8, 11-10, 12-12. ಒಂಟಿ ಸ್ವರಕ್ಕಿಲ್ಲದ ತುಂಬುತನ ಇವಕ್ಕಿದೆ, ಹಾಗಾಗಿ ರಿದಮ್ ಬಿಟ್ಟುಹೋದಂತೆ ಕೇಳುವುದಿಲ್ಲ. ಮ್ಯೂಸಿಕ್ ಬಿಟ್ ನುಡಿಸಲು ಒಂದೇ ಒಂದು ವಿದ್ಯೆ ಕಲಿಯಲು ಸಮಯವಿದೆ ಎನ್ನುವವರು ಇದನ್ನೇ ಕಲಿಯಲಿ.

ಆರರ ನಡೆ

ಕೊಡಗಿನ ಮದುವೆ ಮನೆಯಲ್ಲಿ ವಾಲಗಕ್ಕೆ ಕುಣಿದವರಿಗೆ ತಕಿಟ-ತಕಿಟದ ಆರರ ನಡೆ ಕಾಲಿಗೆ ಹತ್ತಿರುತ್ತದೆ, ಆದರೆ ಗಿಟಾರಿನಲ್ಲಿ ಅದೇ ನಡೆ ಕೈಗೆ ಬರಲು ಹೊತ್ತು ಹಿಡಿಯುತ್ತದೆ. ಕಾರಣ ಸರಳ. ಕೆಳಗೆ-ಮೇಲೆ ಎಂದು ಒಂದೇ ಸಮನೆ ಓಡುವ ಕೈ ಆರು ಅಕ್ಷರ ಎಣಿಸಿದಾಗ ಎರಡನೇ ತಕಿಟದ ‘ತ’ ಮೇಲೇಟಿಗೆ ಬೀಳುತ್ತದೆ. ಮೇಲೇಟು ಸಹಜವಾಗಿ ಮೆತ್ತಗೆ, ಅಲ್ಲಿ ಒತ್ತು ಸಿಗದೆ ನಡೆ ಕುಂಟುತ್ತದೆ.

ನಿಧಾನದಲ್ಲಿ ಹೀಗೆ ಮಾಡಿ: ತ ಕೆಳಗೆ, ಕಿ ಕೆಳಗೆ, ಟ ಮೇಲೆ, ಮತ್ತೆ ಅದೇ. ಎರಡೂ ‘ತ’ ಕೆಳಗೇಟಾದವು. ತ ಅಕ್ಷರಕ್ಕೆ ಬಾಸ್ ಅಥವಾ ಧಾಟಿಯ ಸ್ವರ, ಕಿಟಕ್ಕೆ ಮೇಲಿನ ತಂತಿಗಳ ಹಗುರ ಸವರು. ಮೆಟ್ರೊನೋಮ್‌ನ ಒಂದು ಬಡಿತಕ್ಕೆ ಒಂದು ತಕಿಟ ಎಂದು ಇಟ್ಟುಕೊಂಡು 50ರಿಂದ ಹೊರಡಿ. ಕುಣಿತದ ವೇಗಕ್ಕೆ ಹೋದಾಗ ಎರಡು ಕೆಳಗೇಟು ಒಟ್ಟೊಟ್ಟಿಗೆ ಆಗುವುದಿಲ್ಲ, ಕೈ ಬಿಗಿಯುತ್ತದೆ. ಆಗ ಕೆಳಗೆ-ಮೇಲೆ ಓಟಕ್ಕೇ ಬದಲಿಸಿ, ಮೇಲೇಟಿನ ‘ತ’ಕ್ಕೆ ಬೇಕೆಂದೇ ಒತ್ತು ಕೊಡುವುದನ್ನು ಪ್ರತ್ಯೇಕವಾಗಿ ಅಭ್ಯಾಸ ಮಾಡಿ. ಮೇಲಿನ ಮೋಹನದ ನಾಲ್ಕು ಸಾಲನ್ನೇ ಈ ನಡೆಯಲ್ಲಿ, ಪ್ರತಿ ತಕಿಟಕ್ಕೊಂದು ಸ್ವರದಂತೆ ನುಡಿಸಿದರೆ ಅಭ್ಯಾಸಕ್ಕೆ ಬೇರೆ ಪಾಠ ಹುಡುಕಬೇಕಿಲ್ಲ.

ಹಾಡಿನ ಸಂದಿನಲ್ಲಿ

ಹಾಡುವಾಗ ಲೀಡ್ ಎಲ್ಲಿ ನುಡಿಸಬೇಕು? ಹಾಡುವವರು ಉಸಿರು ತೆಗೆದುಕೊಳ್ಳುವಲ್ಲಿ. ಸಾಲು ಮುಗಿದು ಮುಂದಿನದು ಶುರುವಾಗುವ ಮೊದಲು ಎರಡು ಎಣಿಕೆಯೋ ಒಂದು ಆವರ್ತವೋ ಖಾಲಿ ಇರುತ್ತದೆ. ಮೊದಲ ವಾರ ಆ ಸಂದಿನ ಕೊನೆಯ ಎರಡು ಎಣಿಕೆಗೆ ಮಾತ್ರ ಸ್ವರ ಹಾಕಿ. ಕೊನೆಯ ಅಕ್ಷರ ಬಾಯಿಂದ ಬೀಳುವ ಮುನ್ನ ಶುರು ಮಾಡಬೇಡಿ. ಮುಗಿಸುವುದು ಮಾತ್ರ ಕಡ್ಡಾಯವಾಗಿ ಸಮದ ಮೇಲೆ: ಮುಂದಿನ ಆವರ್ತದ 1ಕ್ಕೆ ಹೊಸ ಕಾರ್ಡಿನ ಬಾಸ್ ಬೀಳಲೇಬೇಕು. ನಡುವೆ ಒಂದು ಸ್ವರ ಜಾರಿದರೆ ಯಾರಿಗೂ ಗೊತ್ತಾಗುವುದಿಲ್ಲ, ಸಮ ಜಾರಿದರೆ ಎಲ್ಲರಿಗೂ ಗೊತ್ತಾಗುತ್ತದೆ. ಸ್ವರ ಹೆಚ್ಚಾಗಿ ಸಮಕ್ಕೆ ತಲುಪಲು ಕಷ್ಟವಾದರೆ ಕೊನೆಯ ಎರಡು ಸ್ವರ ಬಿಟ್ಟು ಸಮಕ್ಕೆ ಬನ್ನಿ.

ಎಂಟು ಆವರ್ತದ ಉದ್ದನೆಯ ಲೀಡ್

ಇಲ್ಲಿ ಎಣಿಕೆ ಎಣಿಕೆಗೂ ಕಾರ್ಡ್ ಹಿಡಿಯಲಾಗದು. ಆದ್ದರಿಂದ ಎಡಗೈಯ ನೆರವು ಬೇಡದ ಬಾಸ್ ಇರುವ ಶ್ರುತಿ ಆರಿಸಿ. ಎ ಮೈನರ್ ಇದಕ್ಕೆ ಹೇಳಿಮಾಡಿಸಿದ್ದು: ಎ ಮೈನರಿಗೆ 5/0, ಡಿ ಮೈನರಿಗೆ 4/0, ಇ ಮೇಜರಿಗೆ 6/0. ಮೂರೂ ಖಾಲಿ ತಂತಿ. ಲೀಡಿಗೆ 5ನೇ ಫ್ರೆಟ್‌ನಲ್ಲಿ ಶುದ್ಧ ಧನ್ಯಾಸಿ ರಾಗದ ಸ್ವರಗಳು: 3/5, 3/7, 2/5, 2/8, 1/5, 1/8.

ಬಾಸ್‌ಗೆ ಪಿಕ್, ಮೇಲಿನ ಸ್ವರಗಳಿಗೆ ಬಲಗೈಯ ನಡುಬೆರಳು ಮತ್ತು ಉಂಗುರಬೆರಳು. ಮೊದಲು ಪ್ರತಿ ಎಣಿಕೆಗೂ 5/0 ಹೊಡೆಯುತ್ತ ಅದರ ಜೊತೆಗೇ ಮೇಲೊಂದು ಸ್ವರ ಮೀಟಿ. ಆಮೇಲೆ ಬಾಸ್‌ಗಳ ನಡುವೆ ಸ್ವರ ಹಾಕಿ. ಅಂಗೈಯ ಅಂಚನ್ನು ಬ್ರಿಜ್ ಬಳಿ ದಪ್ಪ ತಂತಿಗಳ ಮೇಲೆ ಹಗುರವಾಗಿ ಇಟ್ಟರೆ ಬಾಸ್ ‘ದುಂ ದುಂ’ ಎಂದು ಮೊಟಕಾಗಿ ಬರುತ್ತದೆ, ಲೀಡಿಗೆ ಜಾಗ ಬಿಡುತ್ತದೆ. ಇ ಮೇಜರ್ ಬಂದಾಗ 2/8 ಕಚ್ಚುತ್ತದೆ, ಆ ಆವರ್ತಕ್ಕೆ ಮಾತ್ರ ಅದನ್ನು 2/9 ಮಾಡಿ.

ಬಾಸ್ ದನಿ ಸತ್ತುಹೋಗುತ್ತಿದ್ದರೆ ಎಡಗೈ ತೋರುಬೆರಳು ಚಪ್ಪಟೆಯಾಗಿ ಮಲಗಿ ಐದನೇ ತಂತಿ ಮುಟ್ಟುತ್ತಿದೆ. ಅದು ಮೂರನೇ ತಂತಿಯವರೆಗೆ ಮಾತ್ರ ಇರಲಿ. ಪ್ರತಿ ಎರಡನೇ ಆವರ್ತದ ಕೊನೆಯ ಎಣಿಕೆಗೆ ಒಂದು ಚಿಕ್ಕ ಕಾರ್ಡ್ ಏಟು ಕೊಟ್ಟು ಕತ್ತರಿಸಿ. ಚಪ್ಪಾಳೆ ತಟ್ಟುವವರಿಗೆ ಅದು ಗುರುತಿನ ಕಲ್ಲು.

ಎಲೆಕ್ಟ್ರಿಕ್ ಗಿಟಾರಿನಲ್ಲಿ ವಾಲ್ಯೂಮ್ ಗುಂಡಿಯನ್ನು ರಿದಮಿಗೆ 6 ಅಥವಾ 7ರಲ್ಲಿಟ್ಟು ಲೀಡಿಗೆ 10 ಮಾಡಿ. ದನಿ ಏರುವುದಷ್ಟೇ ಅಲ್ಲ, ದನಿಯನ್ನು ಒರಟಾಗಿಸುವ ಡಿಸ್ಟಾರ್ಷನ್ ಇದ್ದರೆ ರಿದಮ್ ಹೊತ್ತಿನಲ್ಲಿ ದನಿ ತಿಳಿಯಾಗುತ್ತದೆ. ನುಡಿಸಿದ್ದನ್ನು ಮುದ್ರಿಸಿ ಸುತ್ತು ಸುತ್ತಾಗಿ ಮರಳಿ ಕೇಳಿಸುವ ಲೂಪರ್ ಪೆಡಲ್ ಇರುವವರು ಪೆಡಲನ್ನು ಸಮದ ಮೇಲೆಯೇ ತುಳಿದು ತೆರೆದು, ಸಮದ ಮೇಲೆಯೇ ಮುಚ್ಚಬೇಕು. ಕೂದಲೆಳೆ ತಡವಾದರೂ ಪ್ರತಿ ಸುತ್ತಿನಲ್ಲೂ ಅದೇ ಎಡವು ಮರಳಿ ಬರುತ್ತದೆ. ಮಳೆಗಾಲದ ಕರೆಂಟ್ ನಂಬಿ ಅದನ್ನೇ ನೆಚ್ಚಿಕೊಳ್ಳುವುದು ಬೇಡ.

ದಿನದ ಅಭ್ಯಾಸ

ಅರ್ಧ ಗಂಟೆ ಸಾಕು, ಆದರೆ ದಿನವೂ. ಐದು ನಿಮಿಷ ಮುಚ್ಚಿದ ತಂತಿಗಳ ಮೇಲೆ ತಕಧಿಮಿ, ಹತ್ತು ನಿಮಿಷ ಬಾಸ್ ನಡಿಗೆ, ಉಳಿದದ್ದು ಆ ವಾರದ ಹೊಸ ಹಂತಕ್ಕೆ. 60ರಲ್ಲಿ ನಾಲ್ಕು ಸಲ ಒಂದೂ ತಪ್ಪಿಲ್ಲದೆ ಬಂದರೆ 65. ತಪ್ಪಿದರೆ ಐದು ಇಳಿಸಿ, ಅದರಲ್ಲಿ ಅವಮಾನವಿಲ್ಲ. 90 ತಲುಪಿದ ಮೇಲೆ ಮೆಟ್ರೊನೋಮ್ ಬಡಿತವನ್ನು ಅರ್ಧಕ್ಕೆ, ಅಂದರೆ 45ಕ್ಕೆ ಇಳಿಸಿ, ಅದನ್ನು 2 ಮತ್ತು 4ನೇ ಎಣಿಕೆ ಎಂದು ಭಾವಿಸಿ ನುಡಿಸಿ. 1 ಎಲ್ಲಿದೆ ಎಂದು ಯಂತ್ರ ಹೇಳುವುದಿಲ್ಲ, ನೀವೇ ಹಿಡಿಯಬೇಕು.

ವಾರಕ್ಕೊಮ್ಮೆ ಫೋನಿನಲ್ಲಿ ರೆಕಾರ್ಡ್ ಮಾಡಿ ಮರುದಿನ ಕೇಳಿ. ಅಂದೇ ಕೇಳಿದರೆ ಕೈಯ ನೆನಪು ಕಿವಿಯನ್ನು ಮರೆಸುತ್ತದೆ. ಬಹುತೇಕರಲ್ಲಿ ಕಾಣುವ ದೋಷ ಒಂದೇ: ಲೀಡ್ ಬಂದಾಗ ವೇಗ ಏರುವುದು. ಬಾಯಿಪಾಠವಾದ ತುಣುಕು ಬೆರಳಿನಿಂದ ತಾನಾಗಿ ಓಡುತ್ತದೆ. ಬಾಯಲ್ಲಿ ತಕಧಿಮಿ ತಕಜುಣು ಗಟ್ಟಿಯಾಗಿ ಹೇಳುತ್ತ ಅದೇ ತುಣುಕು ನುಡಿಸಿ. ಹೇಳಲು ಆಗದ ತುಣುಕನ್ನು ಹಾಡಿನಲ್ಲಿ ಬಳಸಬೇಡಿ, ಅದು ಇನ್ನೂ ಕಾಲಕ್ಕೆ ಕೂತಿಲ್ಲ.

ಎರಡನೇ ಗಿಟಾರ್ ಬಂದಾಗ

ಚರ್ಚ್ ಗಾಯನದಲ್ಲೋ ಕಾಲೇಜಿನ ಕಾರ್ಯಕ್ರಮದಲ್ಲೋ ಇನ್ನೊಬ್ಬರು ಜೊತೆಗಿದ್ದರೆ ಇಬ್ಬರೂ ತೆರೆದ ಜಿ ಕಾರ್ಡ್ ಬಾಚುವುದು ವ್ಯರ್ಥ, ದನಿ ಮಂದವಾಗುತ್ತದೆ. ಒಬ್ಬರು ಕೆಳಗೆ ಜಿ ನುಡಿಸಲಿ. ಇನ್ನೊಬ್ಬರು 5ನೇ ಫ್ರೆಟ್‌ನಲ್ಲಿ ಕೇಪೋ ಹಾಕಿ ಡಿ ಆಕಾರ, ಅಥವಾ 7ರಲ್ಲಿ ಹಾಕಿ ಸಿ ಆಕಾರ ಹಿಡಿದರೆ ಅದೇ ಜಿ ಕಾರ್ಡ್ ಎತ್ತರದಲ್ಲಿ ಬರುತ್ತದೆ. ಮೇಲಿನವರು ಲೀಡಿಗೆ ಹೊರಟಾಗ ಕೆಳಗಿನವರು ಬಾಸ್ ನಡಿಗೆಯನ್ನು ಕಡಿಮೆ ಮಾಡಲಿ. ಇಬ್ಬರ ನಡಿಗೆಯೂ ಒಟ್ಟಿಗೆ ಬಿದ್ದರೆ ಯಾರದ್ದೂ ಕೇಳಿಸುವುದಿಲ್ಲ. ಯಾರು ಯಾವ ಆವರ್ತದಲ್ಲಿ ಲೀಡ್ ಬಿಟ್ಟು ರಿದಮಿಗೆ ಮರಳುತ್ತಾರೆ ಎಂಬುದನ್ನು ಮೊದಲೇ ಮಾತಾಡಿಕೊಳ್ಳಿ. ಮರಳುವವರು ಒಂದು ಆವರ್ತ ಮೊದಲೇ ಮೆಲ್ಲಗೆ ಸ್ಟ್ರಮ್ ಶುರು ಮಾಡಲಿ, ಇನ್ನೊಬ್ಬರು ಅದನ್ನು ಕೇಳಿಸಿಕೊಂಡ ಮೇಲೆಯೇ ತಮ್ಮ ಕೈಯನ್ನು ಲೀಡಿಗೆ ಬಿಡಲಿ.